ತಲೆ ತಿರುಗಿದರೂ ನಡೆಯಬೇಕು

ನಮ್ಮ ಕಡೆ ಕಾಯಿಲೆಯಿಂದ ಎದ್ದು ಬಂದವರಿಗೆ ಮನೆಯವರು ಮೊದಲು ಅಣಿಮಾಡುವುದು ಮಂಚವನ್ನು. ನಡುಮನೆಯ ಮೂಲೆ, ಗಾಳಿ ಬೀಸದ ಜಾಗ, ತಲೆಗೊಂದು ಸ್ಕಾರ್ಫು, ಕೈಗೆಟುಕುವಂತೆ ಬಿಸಿನೀರಿನ ಫ್ಲಾಸ್ಕು. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರೆ ಅದೇ ಆರೈಕೆ ಎಂದು ತಲೆಮಾರುಗಳಿಂದ ನಂಬಿ ಬಂದವರು ನಾವು. ಬಹಳ ಕಾಯಿಲೆಗಳಿಗೆ ಅದು ಸರಿಯೂ ಹೌದು. ಆದರೆ ಕಿವಿಯ ನರದ ಮೇಲೆ ಬೆಳೆದ ಗಡ್ಡೆಯನ್ನು ತೆಗೆಸಿಕೊಂಡು ಮನೆಗೆ ಬಂದವರಿಗೆ ಈ ಮಂಚವೇ ಅಡ್ಡಿ. ಮಲಗಿದಷ್ಟೂ ಅವರ ತಲೆಸುತ್ತು ಹಾಗೆಯೇ ಉಳಿಯುತ್ತದೆ. ಎದ್ದು, ಗೋಡೆ ಹಿಡಿದು, ತಲೆ ತಿರುಗುತ್ತಿರುವಾಗಲೇ ನಡೆದವರು ಬೇಗ ಸುಧಾರಿಸುತ್ತಾರೆ. ಮೈಸೂರಿನ ಅಗ್ರಹಾರದ ಅಕ್ಕನ ಮನೆಯಲ್ಲಿ ಇದನ್ನು ದಿನದಿನವೂ ಕಣ್ಣಾರೆ ಕಂಡಿದ್ದೇನೆ. ಆಪರೇಷನ್ನಿನ ಬಗ್ಗೆ ವೈದ್ಯರು ಬರೆಯುತ್ತಾರೆ. ಮನೆಗೆ ಬಂದ ಮೇಲಿನ ತಿಂಗಳುಗಳ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನಿಗೆ ಆಗಿದ್ದು ಅಕೂಸ್ಟಿಕ್ ನ್ಯೂರೋಮಾ. ಈಚೆಗೆ ವೈದ್ಯರು ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ. ಒಳಕಿವಿಯಿಂದ ಮೆದುಳಿಗೆ ಹೋಗುವ ಎಂಟನೇ ನರದಲ್ಲಿ ಎರಡು ಭಾಗ. ಒಂದು ಶಬ್ದವನ್ನು ಒಯ್ಯುತ್ತದೆ. ತಲೆ ಯಾವ ಕಡೆ ತಿರುಗಿತು, ಎಷ್ಟು ವಾಲಿತು ಎಂಬ ಸುದ್ದಿಯನ್ನು ಇನ್ನೊಂದು ಮುಟ್ಟಿಸುತ್ತದೆ. ಗಡ್ಡೆ ಹುಟ್ಟುವುದು ಈ ಎರಡನೆಯದರ ಹೊದಿಕೆಯಲ್ಲಿ. ಕ್ಯಾನ್ಸರ್ ಅಲ್ಲ. ಬೆಳವಣಿಗೆ ನಿಧಾನ, ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್. ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಪತ್ತೆಯಾಗುತ್ತದೆ. ಈ ನರ ಹೋಗುವ ಇಕ್ಕಟ್ಟಾದ ಮೂಳೆಯ ಹಾದಿಯಲ್ಲಿ ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ನರವೂ ಪಕ್ಕದಲ್ಲೇ ಹೋಗುತ್ತದೆ. ಈ ಕಾಯಿಲೆಯ ಸಂಕಟಗಳೆಲ್ಲ ಈ ನೆರೆಹೊರೆಯಿಂದ ಬಂದವು.

ಮೊದಲು ಸುಳಿವು ಸಿಕ್ಕಿದ್ದು ಫೋನಿನಲ್ಲಿ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ ಅಕ್ಕ ರಿಸೀವರನ್ನು ಬಲಗಿವಿಗೆ ಹಿಡಿದರೆ, "ಸದ್ದು ಕೇಳುತ್ತೆ ಕಣೇ, ಮಾತು ತಿಳಿಯಲ್ಲ" ಅನ್ನುತ್ತಿದ್ದಳು. ಕಿವಿಯಲ್ಲಿ ಗುಗ್ಗೆ ಇರಬೇಕು, ನೆಗಡಿ ಇಳಿದಿರಬೇಕು, ವಯಸ್ಸಾಯಿತು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ವಯಸ್ಸಾಗಿ ಕಿವಿ ಮಂದವಾದರೆ ಎರಡೂ ಮಂದವಾಗುತ್ತವೆ. ಒಂದೇ ಕಿವಿ ಮಂದವಾಗುತ್ತ ಹೋದರೆ, ಅದರಲ್ಲೇ ಗುಂಯ್ ಎಂಬ ಸದ್ದು ಬಿಡದೆ ಬರುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಆ ವಿಷಯದಲ್ಲಿ ಮೈಸೂರಿನವರಿಗೆ ಇರುವ ಅನುಕೂಲ ದೇಶದ ಬಹುಪಾಲು ಊರುಗಳಿಗಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಗ್ರಹಾರದಿಂದ ಒಂದು ಆಟೋ ದೂರ. 1965ರಲ್ಲಿ ಶುರುವಾಗಿ, ಮರುವರ್ಷ ಈಗಿನ ಹೆಸರು ಪಡೆದ ಈ ಸಂಸ್ಥೆಯನ್ನು ನಮ್ಮಲ್ಲಿ ಅನೇಕರು ಮಾತು ತಡವಾದ ಮಕ್ಕಳನ್ನು ಕರೆದೊಯ್ಯುವ ಜಾಗ ಎಂದಷ್ಟೇ ತಿಳಿದಿದ್ದಾರೆ. ಅಲ್ಲಿ ದೊಡ್ಡವರ ಕಿವಿಗೂ ಆಡಿಯೋಗ್ರಾಂ, ನರದ ಪ್ರತಿಕ್ರಿಯೆ ನೋಡುವ ಬೇರಾ ಪರೀಕ್ಷೆ ಎಲ್ಲವೂ ಆಗುತ್ತವೆ. ಅಲ್ಲಿ ಅನುಮಾನ ಬಂದ ಮೇಲೆಯೇ ಅಕ್ಕನಿಗೆ ಎಂಆರ್‌ಐ ಆದದ್ದು.

ಗಡ್ಡೆ ಚಿಕ್ಕದಿದ್ದರೆ ಸುಮ್ಮನೆ ಕಾಯುತ್ತ ಆಗಾಗ ಎಂಆರ್‌ಐ ಮಾಡಿಸುತ್ತ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂಥ ಗಾಮಾ ನೈಫ್ ವಿಕಿರಣದಿಂದ ಅದರ ಬೆಳವಣಿಗೆಯನ್ನು ತಡೆಯಲೂಬಹುದು. ದೊಡ್ಡದಾಗಿ ಮೆದುಳಿನ ಕಾಂಡವನ್ನು ಒತ್ತತೊಡಗಿದರೆ ತೆಗೆಯುವುದೇ ದಾರಿ. ಪರೀಕ್ಷೆ ತಡವಾಗುವುದರಿಂದ ನಮ್ಮ ದೇಶದಲ್ಲಿ ದೊಡ್ಡ ಗಡ್ಡೆಯೊಂದಿಗೆ ಬರುವವರೇ ಹೆಚ್ಚು ಎಂದು ಇಲ್ಲಿನ ನರಶಸ್ತ್ರವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಅಕ್ಕನದೂ ಅದೇ ಪಾಡು. ನೂರು ವರ್ಷಕ್ಕೂ ಹಿಂದೆ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಬದುಕಿ ಉಳಿದವರೇ ಕಡಿಮೆ. ಅಮೆರಿಕದ ಹಾರ್ವೆ ಕುಶಿಂಗ್ 1917ರಲ್ಲಿ ಈ ಗಡ್ಡೆಯ ಬಗ್ಗೆಯೇ ಒಂದು ಪುಸ್ತಕ ಬರೆದು ದಾರಿ ತೋರಿದರು. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಿಲಿಯಂ ಹೌಸ್ ಸೂಕ್ಷ್ಮದರ್ಶಕ ಹಿಡಿದು ಕಿವಿಯ ಮೂಳೆಯ ಮೂಲಕವೇ ಒಳಹೊಕ್ಕರು. ಅಲ್ಲಿಂದೀಚೆಗೆ ವೈದ್ಯರ ಚಿಂತೆ ಜೀವ ಉಳಿಸುವುದರಿಂದ ಮುಖದ ನರ ಉಳಿಸುವುದರ ಕಡೆಗೆ ಹೊರಳಿತು. ಅಕ್ಕನ ಆಪರೇಷನ್ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ಬಲಗಿವಿ ಪೂರ್ತಿ ಹೋಯಿತು. ಮುಖದ ನರ ತುಂಡಾಗಿರಲಿಲ್ಲ, ಎಳೆದು ನೊಂದಿತ್ತು.

ಕಷ್ಟದ ಕೆಲಸ ಶುರುವಾದದ್ದು ಅಗ್ರಹಾರದ ಮನೆಯ ಹೊಸ್ತಿಲು ದಾಟಿದ ಮೇಲೆ.

ಎರಡೂ ಕಿವಿಗಳಿಂದ ಬರುತ್ತಿದ್ದ ಸಮತೋಲದ ಸುದ್ದಿ ಇದ್ದಕ್ಕಿದ್ದಂತೆ ಒಂದು ಕಡೆಯಿಂದ ನಿಂತುಹೋದಾಗ ಮೆದುಳು ಗಲಿಬಿಲಿಗೊಳ್ಳುತ್ತದೆ. ಸುಮ್ಮನೆ ಕೂತಿದ್ದರೂ ಮನೆ ತಿರುಗುತ್ತದೆ. ಈ ಮೊದಲ ಬಿರುಸು ಕೆಲವು ದಿನಗಳಲ್ಲಿ ಇಳಿಯುತ್ತದೆ. ಉಳಿಯುವುದು ನಡೆಯುವಾಗ ಓಲಾಡುವುದು, ತಲೆ ತಿರುಗಿಸಿದಾಗ ಎದುರಿನದೆಲ್ಲ ಜಾರಿದಂತಾಗುವುದು. ಇದಕ್ಕೆ ಮದ್ದು ಮೆದುಳಿನಲ್ಲೇ ಇದೆ. ಉಳಿದ ಒಂದು ಕಿವಿ, ಕಣ್ಣು, ಪಾದದ ಸ್ಪರ್ಶ ಇವನ್ನು ಸೇರಿಸಿಕೊಂಡು ಅದು ಹೊಸ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಆ ಲೆಕ್ಕ ಕಲಿಯಬೇಕಾದರೆ ದೇಹ ಅಲುಗಾಡಬೇಕು, ತಪ್ಪು ಆಗುತ್ತಿರಬೇಕು, ಅದನ್ನು ಮೆದುಳು ತಿದ್ದಿಕೊಳ್ಳುತ್ತಿರಬೇಕು. 1940ರ ದಶಕದಲ್ಲಿ ಇಂಗ್ಲೆಂಡಿನ ಕಿವಿ ವೈದ್ಯ ಟೆರೆನ್ಸ್ ಕಾಥಾರ್ನ್ ಮತ್ತು ಪುನಶ್ಚೇತನದ ವೈದ್ಯ ಕುಕ್ಸಿ ಇಬ್ಬರೂ ಸೇರಿ ಇದಕ್ಕಾಗಿಯೇ ವ್ಯಾಯಾಮಗಳನ್ನು ರೂಪಿಸಿದರು. ಇವತ್ತಿಗೂ ಫಿಸಿಯೋಥೆರಪಿಯವರು ಅವನ್ನೇ ಬೆಳೆಸಿಕೊಂಡು ಹೇಳಿಕೊಡುತ್ತಾರೆ. ಮೊದಲು ಕೂತು ಕಣ್ಣು ಆಡಿಸುವುದು, ಆಮೇಲೆ ತಲೆ, ಆಮೇಲೆ ಎದ್ದು ಕೂರುವುದು, ಚೆಂಡನ್ನು ಕೈಯಿಂದ ಕೈಗೆ ಎಸೆಯುವುದು, ಮೆಟ್ಟಿಲು ಹತ್ತಿಳಿಯುವುದು.

ಚೆಂಡಿನ ಬದಲು ಅಕ್ಕ ನಿಂಬೆಹಣ್ಣು ತೆಗೆದುಕೊಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖನ್ನು ದಿಟ್ಟಿಸುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು ಬೆಳಗಿನ ಕೆಲಸ. ಮೊದಮೊದಲು ಅದರಿಂದ ವಾಕರಿಕೆ ಬರುತ್ತಿತ್ತು. ಭಾವನಿಗೆ ನೋಡಲಾಗುತ್ತಿರಲಿಲ್ಲ. "ಸಾಕು ಬಿಡೇ, ಮಲಕ್ಕೋ" ಅನ್ನುತ್ತಿದ್ದರು. "ಮಲಗಿದ್ರೆ ಮಲಗೇ ಇರ್ತೀನಿ ಕಣ್ರೀ, ಕೈ ಕೊಡಿ" ಎಂದು ಅಕ್ಕ ಎದ್ದು ನಡುಮನೆಯಿಂದ ಹಿತ್ತಲಿನವರೆಗೆ ಹೋಗಿ ಬರುತ್ತಿದ್ದಳು. ತಲೆಸುತ್ತಿಗೆ ಕೊಡುವ ಸಿನ್ನಾರಿಝಿನ್‌ನಂಥ ಮಾತ್ರೆಗಳ ವಿಷಯವೂ ಹೀಗೆಯೇ. ಮೊದಲ ಕೆಲವು ದಿನ ಬೇಕಾಗುತ್ತವೆ. ಹಿತವಾಗಿದೆಯೆಂದು ತಿಂಗಳುಗಟ್ಟಲೆ ನುಂಗುತ್ತ ಹೋದರೆ ಮೆದುಳಿನ ಕಲಿಕೆಯೇ ಮಂಕಾಗುತ್ತದೆ. ವೈದ್ಯರು ಎಲ್ಲಿಗೆ ನಿಲ್ಲಿಸಲು ಹೇಳಿದ್ದಾರೋ ಅಲ್ಲಿಗೆ ನಿಲ್ಲಿಸಬೇಕು.

ಹಳೆಯ ಮನೆಗಳಲ್ಲಿ ಅಪಾಯದ ಜಾಗ ಬಚ್ಚಲು. ಒದ್ದೆ ಕಲ್ಲು, ಮಂದ ಬೆಳಕು, ಹಂಡೆಯ ಹಬೆ. ಸಮತೋಲದ ನರ ಕಳೆದುಕೊಂಡವರು ಅರ್ಧ ಭಾರವನ್ನು ಕಣ್ಣಿನ ಮೇಲೆ ಹಾಕಿರುತ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಆ ಗಳಿಗೆಯಲ್ಲಿ ಬಿದ್ದುಬಿಡುತ್ತಾರೆ. ಕೂತು ಸ್ನಾನ ಮಾಡಲು ಒಂದು ಗಟ್ಟಿ ಸ್ಟೂಲು, ಹಿಡಿಯಲು ಗೋಡೆಗೊಂದು ಕಂಬಿ, ರಾತ್ರಿ ಪೂರ್ತಿ ಉರಿಯುವ ಒಂದು ಸಣ್ಣ ಬಲ್ಬು ಇಷ್ಟನ್ನು ಆಸ್ಪತ್ರೆಯಿಂದ ಬರುವ ಮೊದಲೇ ಮಾಡಿಸಿಡಬೇಕು. ಕರೆಂಟು ಹೋದಾಗ ಎದ್ದು ಓಡಾಡಕೂಡದು.

ನಡೆಯಬೇಕು ಎಂದ ಮಾತ್ರಕ್ಕೆ ಬಗ್ಗಬಹುದು, ಎತ್ತಬಹುದು ಎಂದಲ್ಲ. ಇದನ್ನು ಮನೆಮಂದಿ ಸರಿಯಾಗಿ ತಿಳಿದಿರಬೇಕು. ಮೆದುಳಿನ ಸುತ್ತಲಿನ ನೀರು ಆಪರೇಷನ್ನಿನ ದಾರಿಯಿಂದ ಸೋರುವ ಸಾಧ್ಯತೆ ಮೊದಲ ವಾರಗಳಲ್ಲಿ ಇರುತ್ತದೆ. ತಲೆಯೊಳಗೆ ಒತ್ತಡ ಹೆಚ್ಚಿಸುವ ಯಾವುದೂ ಆಗ ಸಲ್ಲದು. ನೀರು ತುಂಬಿದ ಕೊಡ ಎತ್ತುವುದು, ಬಗ್ಗಿ ರಂಗೋಲಿ ಇಡುವುದು, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡುವುದು, ಜೋರಾಗಿ ಸಿಂಬಳ ತೆಗೆಯುವುದು, ಮಲಬದ್ಧತೆಯಿಂದ ತಿಣುಕುವುದು, ಎಲ್ಲವೂ. ಅಕ್ಕನ ಮನೆಯಲ್ಲಿ ಬಾಳೆಹಣ್ಣು, ಸೊಪ್ಪು, ಹೆಚ್ಚು ನೀರು ಎಂದು ಊಟದ ಕ್ರಮವೇ ಬದಲಾದದ್ದು ಈ ಕಾರಣಕ್ಕೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪಾಗಿ ಇಳಿದರೆ, ಹೊಲಿಗೆಯ ಜಾಗ ಒದ್ದೆಯಾದರೆ ಅದನ್ನು ನೆಗಡಿ ಎಂದುಕೊಂಡು ಹಬೆ ತೆಗೆದುಕೊಳ್ಳುತ್ತ ಕೂರಬಾರದು. ಜ್ವರ, ತಡೆಯಲಾಗದ ತಲೆನೋವು, ಕತ್ತು ಬಿಗಿತ ಜೊತೆಗಿದ್ದರೆ ಅದು ಮೆದುಳಿನ ಪೊರೆಯ ಸೋಂಕಿರಬಹುದು, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಕಣ್ಣು. ನನ್ನನ್ನು ಕೇಳಿದರೆ ಮನೆಯವರು ಇಡೀ ಆರೈಕೆಯಲ್ಲಿ ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಮುಖದ ನರ ಸೋತಾಗ ಆ ಕಡೆಯ ರೆಪ್ಪೆ ಮುಚ್ಚುವುದಿಲ್ಲ, ಕಣ್ಣೀರೂ ಕಡಿಮೆಯಾಗುತ್ತದೆ. ತೆರೆದೇ ಇರುವ ಕಣ್ಣು ಒಣಗಿ, ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿ, ದೃಷ್ಟಿಯೇ ಹೋಗಬಹುದು. ಗಡ್ಡೆ ದೊಡ್ಡದಿದ್ದು ಮುಖದ ಸ್ಪರ್ಶದ ನರಕ್ಕೂ ಪೆಟ್ಟಾಗಿದ್ದರೆ ಹುಣ್ಣಾದದ್ದು ನೋವಿನಿಂದ ತಿಳಿಯುವುದೂ ಇಲ್ಲ. ಹಗಲು ಎಚ್ಚರವಿದ್ದಷ್ಟು ಹೊತ್ತೂ ಗಂಟೆ ಎರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಕೈಯಿಂದ ಇಳಿಸಿ ಮೆತ್ತನೆಯ ಟೇಪು. ಟೇಪು ಅಂಟಿಸುವಾಗ ರೆಪ್ಪೆ ನಿಜವಾಗಿ ಮುಚ್ಚಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಅರೆತೆರೆದ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟಿದರೆ ಹತ್ತಿಯೇ ಗುಡ್ಡೆಯನ್ನು ಉಜ್ಜುತ್ತದೆ. ಅಕ್ಕನ ಮಂಚವನ್ನು ಫ್ಯಾನಿನ ಕೆಳಗಿನಿಂದ ಸರಿಸಿದೆವು. ಹೊರಗೆ ಹೊರಟರೆ ಅಗಲವಾದ ಕನ್ನಡಕ. ಬೆಳಗಿನಲ್ಲಿ ಕಣ್ಣು ಕೆಂಪಾಗಿ ಮಸುಕಾಗಿ ಕಂಡರೆ ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ನರ ಎಚ್ಚರಗೊಳ್ಳಲು ಬಹಳ ಕಾಲ ಬೇಕೆನಿಸಿದರೆ ಅವರು ರೆಪ್ಪೆಗಳನ್ನು ಸ್ವಲ್ಪ ಹೊಲಿದೋ, ಮೇಲಿನ ರೆಪ್ಪೆಯಲ್ಲಿ ಚಿನ್ನದ ಸಣ್ಣ ತೂಕ ಇರಿಸಿಯೋ ಕಣ್ಣು ಉಳಿಸುತ್ತಾರೆ. ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಎಂದು ಹೇಳುವ ಹಿತೈಷಿಗಳು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಪ್ರೀತಿಯನ್ನು ಸ್ವೀಕರಿಸಿ, ಸಲಹೆಯನ್ನು ಕಣ್ಣಿನಿಂದ ದೂರವಿಡಬೇಕು.

ನೋಡಲು ಬಂದವರಲ್ಲಿ ಹಲವರು ಒಳಗೆ ಕಾಲಿಟ್ಟು ಅಕ್ಕನ ಮುಖ ಕಂಡೊಡನೆ "ಅಯ್ಯೋ, ಲಕ್ವ ಹೊಡೆಯಿತಾ" ಅಂದರು. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬೀಳುವುದು ಮೆದುಳಿಗೆ, ಇಲ್ಲಿ ಬಿದ್ದದ್ದು ಹೊರಗಿನ ಒಂದು ನರಕ್ಕೆ. ಕೈಕಾಲು, ಬುದ್ಧಿ, ನೆನಪು ಯಾವುದೂ ಕೆಟ್ಟಿಲ್ಲ. ಇದನ್ನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುವುದು ರೋಗಿಯ ಕೆಲಸವಾಗಬಾರದು. ಮನೆಯವರು ಬಾಗಿಲಲ್ಲೇ ಹೇಳಿ ಒಳಗೆ ಕರೆಯಬೇಕು. ತುಟಿಯ ಒಂದು ಅಂಚು ಕೂಡದ್ದರಿಂದ ಪ, ಬ, ಮ ಅಕ್ಷರಗಳು ಜಾರುತ್ತಿದ್ದವು, ಅಮ್ಮ ಅಪ್ಪ ಎನ್ನುವುದೇ ಕಷ್ಟ. ನಮ್ಮ ಮನೆಗಳಲ್ಲಿ ನೀರು, ಮಜ್ಜಿಗೆಯನ್ನು ಎತ್ತಿ ಕುಡಿಯುವುದು ರೂಢಿ. ತಲೆ ಹಿಂದಕ್ಕೆ ಚೆಲ್ಲಿದರೆ ಸುತ್ತು ಬರುತ್ತದೆ, ಬಾಯಿಯ ಬಲ ಅಂಚಿನಿಂದ ನೀರು ಸೋರುತ್ತದೆ. ಅಕ್ಕ ಲೋಟವನ್ನು ಕಚ್ಚಿ ಕುಡಿಯತೊಡಗಿದಳು. ಮಡಿ ಬಿಡದ ಅವಳ ಅತ್ತೆ ಅದನ್ನು ನೋಡಿ, ಒಂದು ಬೆಳ್ಳಿ ಲೋಟವನ್ನು ಅವಳಿಗೆಂದೇ ಬೇರೆ ತೆಗೆದಿಟ್ಟರು, ಒಂದು ಮಾತೂ ಆಡಲಿಲ್ಲ. ನಾಲಿಗೆಯ ಮುಂಭಾಗದ ರುಚಿ ಹೋಗಿ "ಬಾಯೆಲ್ಲ ಕಿಲುಬು ಕಿಲುಬು" ಅನ್ನುತ್ತಿದ್ದಳು. ಊಟ ಕೆನ್ನೆಯ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ ನೋಡಿಕೊಳ್ಳಬೇಕು.

ಆ ವರ್ಷ ಗೌರಿಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದವರ ಮನೆಗೆ ಅವಳು ಹೋಗಲಿಲ್ಲ. ಕನ್ನಡಿಯ ಮುಂದೆ ಕೂತು ಕುಂಕುಮ ಇಟ್ಟುಕೊಂಡು, ಸೀರೆ ಉಟ್ಟು, ಬಾಗಿಲವರೆಗೆ ಬಂದು ಹಿಂತಿರುಗಿದಳು. ಇಂಥ ಸಂಕಟಕ್ಕೆ ಸಮಾಧಾನದ ಮಾತು ಸಾಲುವುದಿಲ್ಲ. ಹಾಲಿವುಡ್ಡಿನ ನಟ ಮಾರ್ಕ್ ರಫಲೋ ಇದೇ ಗಡ್ಡೆಯ ಆಪರೇಷನ್ನಿನ ನಂತರ ತಿಂಗಳುಗಳ ಕಾಲ ಮುಖದ ಒಂದು ಕಡೆ ಆಡದೆ ಮನೆಯಲ್ಲಿದ್ದವರು, ಎಡಗಿವಿ ಮರಳಿ ಬರಲೇ ಇಲ್ಲ. ಮುಖ ಬಂತು, ಅಭಿನಯಕ್ಕೆ ಹಿಂದಿರುಗಿದರು. ಮುಖವೇ ಬದುಕಾಗಿದ್ದ ಒಬ್ಬರ ಕಥೆ ಅಕ್ಕನಿಗೆ ನಮ್ಮ ಯಾರ ಮಾತಿಗಿಂತ ಹೆಚ್ಚು ಧೈರ್ಯ ಕೊಟ್ಟಿತು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳುಗಳು ಬೇಕು, ಕೆಲವರಿಗೆ ವರ್ಷ ಮೀರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ. ಮರಳಿ ಬರುವಾಗ ತಂತುಗಳು ದಾರಿ ತಪ್ಪಿ, ನಕ್ಕರೆ ಕಣ್ಣು ಮುಚ್ಚುವುದು, ಊಟ ಮಾಡುವಾಗ ಕಣ್ಣೀರು ಬರುವುದು ಇವೂ ಆಗುತ್ತವೆ. ಅದು ಹೊಸ ಕಾಯಿಲೆಯಲ್ಲ. ಮುಖದ ವ್ಯಾಯಾಮವನ್ನು ಕಲಿತವರ ಮೇಲ್ವಿಚಾರಣೆಯಲ್ಲಿ, ಕನ್ನಡಿಯ ಮುಂದೆ, ಮೆತ್ತಗೆ ಮಾಡಬೇಕು. ಬಲವಂತವಾಗಿ ಉಜ್ಜಿ ತಿಕ್ಕುವುದರಿಂದ ಲಾಭವಿಲ್ಲ.

ರಸ್ತೆಗೆ ಇಳಿದಾಗ ಕಿವಿಯ ಕಥೆ ತೆರೆದುಕೊಂಡಿತು. ಎರಡು ಕಿವಿ ಇದ್ದರೆ ಮಾತ್ರ ಸದ್ದು ಯಾವ ಕಡೆಯದು ಎಂದು ಗೊತ್ತಾಗುವುದು. ಒಂದೇ ಕಿವಿಯವರಿಗೆ ಎಲ್ಲ ಸದ್ದೂ ಕೇಳುವ ಕಿವಿಯ ಕಡೆಯಿಂದಲೇ ಬಂದಂತೆ ಅನಿಸುತ್ತದೆ. ರಾಮಾನುಜ ರಸ್ತೆಯಲ್ಲಿ ಹಿಂದಿನಿಂದ ಬಲಕ್ಕೆ ಬಂದ ಸ್ಕೂಟರಿನ ಹಾರ್ನನ್ನು ಅಕ್ಕ ಎಡದಿಂದ ಬಂತೆಂದುಕೊಂಡು ಬಲಕ್ಕೇ ಸರಿದಳು. ಸವಾರ ಬ್ರೇಕ್ ಹಾಕಿದ್ದರಿಂದ ಉಳಿದಳು. ಆಮೇಲೆ ಒಂದು ಉಪಾಯ ಕಂಡುಕೊಂಡೆವು. ಬಲಗಿವಿ ಹೋದವರು ರಸ್ತೆಯ ಬಲ ಅಂಚಿನಲ್ಲಿ, ವಾಹನಗಳಿಗೆ ಎದುರಾಗಿ ನಡೆಯಬೇಕು. ಆಗ ವಾಹನ ಕಣ್ಣಿಗೂ ಕಾಣುತ್ತದೆ, ಕೇಳುವ ಎಡಗಿವಿಯ ಕಡೆಗೇ ಇರುತ್ತದೆ. ಅಗ್ರಹಾರ ವೃತ್ತ ದಾಟುವಾಗ ಕಿವಿಯನ್ನು ನಂಬದೆ ನಿಂತು ಎರಡೂ ಕಡೆ ನೋಡಬೇಕು. ವಾಣಿವಿಲಾಸ ಮಾರುಕಟ್ಟೆಯಲ್ಲಿ ತರಕಾರಿಯವರ ಕೂಗು, ಮದುವೆ ಛತ್ರದಲ್ಲಿ ವಾಲಗ, ಇಂಥ ಕಡೆ ಪಕ್ಕದವರ ಮಾತೂ ತಿಳಿಯದೆ ದಣಿವಾಗುತ್ತದೆ. ಊಟದ ಪಂಕ್ತಿಯಲ್ಲಿ ಬಲ ಕೊನೆಯ ಎಲೆ ಅಕ್ಕನದು ಎಂದು ಈಗ ಮಕ್ಕಳಿಗೂ ಗೊತ್ತು, ಮಾತಾಡುವವರೆಲ್ಲ ಅವಳ ಎಡಕ್ಕೆ ಬರುತ್ತಾರೆ.

ಕೇಳದ ಕಡೆಯ ಸದ್ದನ್ನು ಹಿಡಿದು ಕೇಳುವ ಕಿವಿಗೆ ಮುಟ್ಟಿಸುವ ಕ್ರಾಸ್ ಎಂಬ ಶ್ರವಣಯಂತ್ರವಿದೆ, ಮೂಳೆಯ ಮೂಲಕ ಸದ್ದು ಸಾಗಿಸುವ ಯಂತ್ರಗಳೂ ಇವೆ. ಕೊಳ್ಳುವ ಮುನ್ನ ಆಡಿಯಾಲಜಿಸ್ಟ್ ಹತ್ತಿರ ಹಾಕಿಕೊಂಡು ನೋಡಬೇಕು. ಸರ್ಕಾರದ ನೆರವು ಕೇಳಹೊರಟರೆ ಒಂದು ಗೋಡೆ ಎದುರಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶ್ರವಣದೋಷ ಎಂದರೆ ಎರಡೂ ಕಿವಿಗಳ ದೋಷ. ಒಂದು ಕಿವಿ ಪೂರ್ತಿ ಹೋದವರು ಆ ಲೆಕ್ಕಕ್ಕೆ ಬರುವುದಿಲ್ಲ. ದಿನವೂ ರಸ್ತೆ ದಾಟುವಾಗ ಅನುಭವಿಸುವ ಕೊರತೆಯನ್ನು ಕಾನೂನು ಕಾಣದಿರುವುದು ನನಗೆ ಅನ್ಯಾಯವಾಗಿಯೇ ತೋರುತ್ತದೆ. ಆಪರೇಷನ್ನಿನ ಖರ್ಚಿಗೆ ಆಯುಷ್ಮಾನ್ ಭಾರತದಂಥ ಯೋಜನೆ ಬಂದಿದೆ, ಬಡವರಿಗೆ ಅದು ದೊಡ್ಡ ಆಸರೆ. ಆದರೆ ಆ ಯೋಜನೆಯಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ ಸಿಗುವುದು 15 ದಿನ. ಈ ಕಾಯಿಲೆಯವರಿಗೆ ಕಣ್ಣಿನ ಹನಿ, ಫಿಸಿಯೋಥೆರಪಿ ಬೇಕಾಗುವುದು ತಿಂಗಳುಗಟ್ಟಲೆ.

ಅಕ್ಕನ ಚೇತರಿಕೆಯನ್ನು ನಾವು ಅಳೆದದ್ದು ನೂರೊಂದು ಗಣಪತಿ ಗುಡಿಯಲ್ಲಿ. ಮೊದಲ ಸಲ ಭಾವನ ಕೈ ಹಿಡಿದು ಒಂದು ಸುತ್ತು ಬಂದು ಕೂತುಬಿಟ್ಟಳು. ಆಮೇಲೆ ಕೈ ಬಿಟ್ಟು ಸುತ್ತಿದಳು. ನಿಂತಲ್ಲೇ ತಿರುಗುವ ಆತ್ಮಪ್ರದಕ್ಷಿಣೆ ಮಾತ್ರ ಬಹಳ ಕಾಲ ಆಗಲಿಲ್ಲ, ಸಮತೋಲದ ಒಂದು ನರ ಇಲ್ಲದವರಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಈಗ ನಿಧಾನವಾಗಿ, ಕಣ್ಣು ತೆರೆದುಕೊಂಡು, ಮಾಡುತ್ತಾಳೆ. ಮುಖ ಬಹುಪಾಲು ಮರಳಿದೆ. ಬಲಗಿವಿಯ ಗುಂಯ್ ಸದ್ದು ನಿಂತಿಲ್ಲ. ಎಂಆರ್‌ಐಗೆ ಕರೆದಾಗ ಹೋಗಿ ಬರುತ್ತಾಳೆ.

ಇಷ್ಟರಲ್ಲಿ ಮುಕ್ಕಾಲು ಪಾಲು ನಮಗೆ ತಿಳಿದದ್ದು ಕೇಳಿ ಕೇಳಿ. ಆಸ್ಪತ್ರೆಯಿಂದ ಹೊರಡುವಾಗ ಕೈಗೆ ಬಂದ ಕಾಗದದಲ್ಲಿ ಗಡ್ಡೆಯ ಅಳತೆ, ಔಷಧಿಗಳ ಹೆಸರು, ಮುಖದ ಬಗ್ಗೆ "ಹೌಸ್ ಬ್ರಾಕ್‌ಮನ್ ಗ್ರೇಡ್ 4" ಎಂಬ ಒಂದು ಸಾಲು, ಎಲ್ಲ ಇಂಗ್ಲಿಷಿನಲ್ಲಿ. ಆ ಅಳತೆಗೋಲಿನಲ್ಲಿ 1 ಎಂದರೆ ಸರಿಯಾಗಿದೆ, 6 ಎಂದರೆ ಚಲನೆಯೇ ಇಲ್ಲ, 4ರಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ ಎಂದು ತಿಳಿಸಿದ್ದರೆ ಆ ಒಂದು ಸಾಲಿನಿಂದಲೇ ಕಣ್ಣಿನ ಆರೈಕೆ ಶುರುವಾಗುತ್ತಿತ್ತು. ಇಂಥ ಆಪರೇಷನ್ ಮಾಡುವ ಕರ್ನಾಟಕದ ಪ್ರತಿ ಆಸ್ಪತ್ರೆಯೂ ಕನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಿಸಿ ಮನೆಯವರ ಕೈಗೆ ಕೊಡಬೇಕು, ಕೊಡುವ ಮುನ್ನ ಒಬ್ಬರು ಕೂತು ಓದಿ ಹೇಳಬೇಕು. ಅದಕ್ಕೆ ತಗಲುವ ಖರ್ಚು ಏನೂ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಮನೆಯವರಿಗೆ ಈ ಆಪರೇಷನ್ ಆಗಿದ್ದರೆ ಆ ಹಾಳೆಗಾಗಿ ಕಾಯಬೇಡಿ. ಕಣ್ಣನ್ನು ಹೇಗೆ ಕಾಯಬೇಕು, ಯಾವಾಗಿನಿಂದ ಎಷ್ಟು ನಡೆಸಬೇಕು, ನಡುರಾತ್ರಿ ಮೂಗಿನಿಂದ ನೀರು ಬಂದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರಕ್ಕೂ ಬಾಯಿಬಿಟ್ಟು ಕೇಳಿ ಉತ್ತರ ಬರೆದುಕೊಳ್ಳುವವರೆಗೆ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಬೇಡಿ.